ಭಾರ ಬಿದ್ದರೆ ಕೂಗುವ ಡಬ್ಬಿ

೧೮ ಆಗಸ್ಟ್ ೧೯೯೩, ಬೆಳಿಗ್ಗೆ

ಕೃತಕ ಕಾಲು ಕಟ್ಟಿಕೊಂಡೆ. ಅದರ ಅಂಗಾಲಿಗೆ ಪ್ಯಾಡ್, ವೈರ್, ಸೊಂಟಕ್ಕೆ ಡಬ್ಬಿ. ಕೃತಕ ಕಾಲಿನ ಮೇಲೆ ಪೂರ್ತಿ ಭಾರ ಬಿದ್ದರೆ ಮಾತ್ರ ಡಬ್ಬಿ ಕುಂಯ್ ಎನ್ನುತ್ತದೆ. ಕೂಗಿದ ಮೇಲೆ ಬಲಗಾಲು ಎತ್ತಬೇಕು. ಮಿರಜದ ಡಾಕ್ಟರು ಟ್ರಯಲ್‌ಗೆ ಕೊಟ್ಟದ್ದು.

ಸಂಕ್ರಾಂತಿಯ ಮುಂದೆ ಕಬ್ಬಿನ ಟ್ರಾಲಿ ಎಡಗಾಲು ತಿಂದಿತು. ಅಂದಿನಿಂದ ಕೂಸನ್ನು ಎತ್ತಿಕೊಂಡು ನಡೆದಿಲ್ಲ. ಕೂತಲ್ಲಿ ಮಡಿಲಿಗೆ ಹಾಕುತ್ತಾರೆ. ಹಾಲು ಕುಡಿಸಿದ ಮೇಲೆ ಒಯ್ಯುತ್ತಾರೆ. ನಾನೇನು ಕೊಟ್ಟಿಗೆಯ ಎಮ್ಮೆಯೇ?

೨೦, ಸಂಜೆ

ಅಥಣಿಯಿಂದ ನಾದಿನಿ ಕಸ್ತೂರೆವ್ವ ಬಂದಿದ್ದಾಳೆ. ಅವಳಿಗೆ ಮಕ್ಕಳಿಲ್ಲ.

"ಕೂಸಿನ್ನ ನಾ ಒಯ್ತೀನಿ. ನೀ ಮೊದಲ ನೆಟ್ಟಗ ನಿಂದ್ರಾಕ ಕಲಿ, ರಾಜಮತಿ."

ಗಂಡನ ಮುಖ ನೋಡಿದೆ. ಅವರು, "ರವಿವಾರ ಕೂಸಿನ್ನ ಎತ್ಕೊಂಡು ಅಂಗಳಾ ದಾಟಿ ತೋರಸು. ದಾಟಿದ್ರ ಇಲ್ಲೇ ಇರ್ಲಿ" ಎಂದರು.

ದಾಟುತ್ತೇನೆ. ಡಬ್ಬಿ ಇದೆಯಲ್ಲ.

೨೧

ನಾಳೆ ನಮ್ಮ ಮನೆಯಲ್ಲಿ ಜೈನ ಮುನಿಗಳಿಗೆ ಆಹಾರ ಬಡಿಸುವುದಿದೆ, ಅಡಿಗೆಗೆ ಚರ್ಮ ಸೋಕಬಾರದು. ಪ್ಯಾಡ್ ಬಿಗಿಯುವ ಪಟ್ಟಿ ಚರ್ಮದ್ದು. "ಚಮಡಾ ಹಚ್ಕೊಂಡು ಅಡಗಿಮನಿಗೆ ಬರಬ್ಯಾಡವಾ" ಎಂದರು ಅತ್ತೆ. ನನಗೂ ಮನಸ್ಸು ಒಪ್ಪದು. ಬಿಚ್ಚಿ, ಸೀರೆಯೊಳಗಿನ ಪರಕರದ ಲಾಡಿಯಿಂದ ಕಟ್ಟಿದೆ. ಡಬ್ಬಿ ಮೊದಲಿಗಿಂತ ಬೇಗ ಕೂಗುತ್ತಿದೆ! ಕಾಲು ಪಳಗಿತು ಅಂತ ಖುಷಿಯೋ ಖುಷಿ.

೨೨, ರವಿವಾರ

ಬಿದ್ದೆ.

ಕೂಸು ನನ್ನ ಎದೆಯ ಮೇಲಿತ್ತು, ಪೆಟ್ಟಾಗಲಿಲ್ಲ. ಡಬ್ಬಿ ಕೂಗಿತ್ತು. ಕೂಗಿದ್ದಕ್ಕೇ ಬಲಗಾಲು ಎತ್ತಿದೆ... ಇವರು ಓಡಿ ಬಂದು ಕೂಸನ್ನು ಎತ್ತಿಕೊಂಡರು. ನನ್ನನ್ನು ಅತ್ತೆ ಎಬ್ಬಿಸಿದರು.

ನೋಡಿದರೆ ಲಾಡಿ ಸಡಿಲಾಗಿ ಪ್ಯಾಡ್ ಹಿಮ್ಮಡಿಗೆ ಜಾರಿದೆ. ಹಿಮ್ಮಡಿ ಊರಿದರೆ ಸಾಕು, ಭಾರ ಬೀಳುವ ಮೊದಲೇ ಕುಂಯ್. ಕೈಮುಗಿದು ಹೇಳಿದೆ — ತಪ್ಪು ಕಾಲಿನದಲ್ಲ, ನಾನು ಕಟ್ಟಿದ್ದರದು.

"ಕೂಸಿನ್ನ ಇನ್ನೊಮ್ಮೆ ಕೆಡವಾಕ ಕೊಡ್ಲೇನು?" ಎಂದರು ಇವರು.

ಸಂಜೆಯ ಬಸ್ಸಿಗೆ ಕಸ್ತೂರೆವ್ವನ ಜೊತೆ ಕೂಸು ಹೋಯಿತು. ದಾರಿಯುದ್ದಕ್ಕೂ ಅತ್ತಿರಬೇಕು.

೨೯

ಕ್ಯಾನ್ವಾಸ್ ಪಟ್ಟಿ ಹೊಲಿಸಿಕೊಂಡೆ. ಡಬ್ಬಿ ಸರಿಯಾಗಿ ಕೂಗುತ್ತದೆ. ಅಂಗಳ ದಾಟುತ್ತೇನೆ, ಮರಳುತ್ತೇನೆ. ಕೈ ಖಾಲಿ. ಇವರಿಗೆ ತೋರಿಸಿದೆ. "ಛಲೋ ಆತು" ಎಂದು ಹೊಲಕ್ಕೆ ಹೋದರು. ಕೂಸಿನ ಮಾತು ಎತ್ತಲಿಲ್ಲ.

೫ ಸೆಪ್ಟೆಂಬರ್, ನಸುಕು

ಹಾಲು ಬತ್ತುತ್ತಿದೆ. ಹೆದರಿಕೆಯಾಗುತ್ತದೆ. ಯಾರನ್ನೂ ಕೇಳುವುದಿಲ್ಲ. ನಮ್ಮ ದಿಗ್ಗೇವಾಡಿಯಿಂದ ಅಥಣಿಯ ಮೊದಲ ಬಸ್ಸು ಹಿಡಿಯುತ್ತೇನೆ. ಸ್ಟ್ಯಾಂಡಿನವರೆಗೆ ನಡೆದೇ. ಕಸ್ತೂರೆವ್ವ ಬಾಗಿಲಿಗೆ ಅಡ್ಡ ನಿಂತರೂ ಒಳಗೆ ಹೋಗುತ್ತೇನೆ. ಕೂಸನ್ನು ಎತ್ತಿಕೊಳ್ಳುತ್ತೇನೆ. ಅದು ನನ್ನ ಗುರುತು ಸಿಗದೆ ಅತ್ತು ಅವಳ ಕಡೆ ಕೈ ಚಾಚಿದರೆ —