ತಾರಸಿ ಮುಟ್ಟದ ಕೊಳವೆ

ನಮ್ಮ ಕೌಂಟಿಯ ಸಮುದಾಯ ಕಾಲೇಜಿನ ಕಟ್ಟಡ ಮತ್ತು ಸುರಕ್ಷತಾ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ, ನಿಮ್ಮ ರಸಾಯನಶಾಸ್ತ್ರದ ಪ್ರಯೋಗಾಲಯದಿಂದ ವಿಷದ ಆವಿಯನ್ನು ಹೊರಗೆ ಒಯ್ಯಬೇಕಾದ ತಗಡಿನ ಕೊಳವೆ ಹೊರಗೆ ಹೋಗುತ್ತಿಲ್ಲ. ಅದು ಪಕ್ಕದ ಕೋಣೆಯ ಫಾಲ್ಸ್ ಸೀಲಿಂಗಿನ ಮೇಲೆ ಬಾಯಿ ತೆರೆದುಕೊಂಡು ನಿಂತುಬಿಟ್ಟಿದೆ. ಬರುವ ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಪ್ರಯೋಗಾಲಯದಲ್ಲಿ ಹನ್ನೆರಡು ಬೀಕರುಗಳ ತಾಮ್ರದ ಮೇಲೆ ನೈಟ್ರಿಕ್ ಆಮ್ಲ ಸುರಿಯಲಿದ್ದಾರೆ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ, ಆ ಕೊಳವೆಯ ಬಾಯಿಯ ಕೆಳಗೆ, ನನ್ನ ತಮ್ಮನ ಮಗಳು ರೋವೆನಾ ಕಂಪ್ಯೂಟರಿನಲ್ಲಿ ಕಟ್ಟಡ, ಯಂತ್ರಗಳ ನಕ್ಷೆ ಬಿಡಿಸುವ ಪರೀಕ್ಷೆಗೆ ಕುಳಿತಿರುತ್ತಾಳೆ. ಇದನ್ನು ನಿಮಗೆ ತಿಳಿಸಲು ನಾನು ಹಿಡಿದ ದಾರಿ ನಿಮಗೆ ಹಿಡಿಸಲಿಲ್ಲ. ಒಂದು ವರ್ಷ ಆವರಣದೊಳಗೆ ಕಾಲಿಡಬಾರದೆಂದು ಆಜ್ಞೆ ಮಾಡಿದಿರಿ. ಊರೆಲ್ಲ ಓದುವ ಈ ವಾರಪತ್ರಿಕೆಯೊಳಗೆ ಕಾಲಿಡಲು ನಿಮ್ಮ ಅಪ್ಪಣೆ ಬೇಕಿಲ್ಲವೆಂದು ಭಾವಿಸಿದ್ದೇನೆ.

ಇವನು ಯಾರು ಹೇಳಲು ಎಂದು ನೀವು ಕೇಳಬಹುದು. ಬೆಟ್ಟದ ಮೇಲಿನ ಒಂದೇ ಕೋಣೆಯ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿದವನು ನಾನು. ಅಲ್ಲಿಯ ಟೀಚರಮ್ಮನಿಗೆ ಭಿನ್ನರಾಶಿ ಹೇಳಿಕೊಟ್ಟವನೂ ನಾನೇ. ಆಮೇಲೆ ಮೂವತ್ತೊಂದು ವರ್ಷ ಕೆಂಟಕಿಯ ಈ ಬೆಟ್ಟಗಳ ಹೊಟ್ಟೆಯೊಳಗೆ, ಕಲ್ಲಿದ್ದಲ ಗಣಿಯಲ್ಲಿ, ಗಾಳಿಪರದೆ ಕಟ್ಟುವ ಕೆಲಸ ಮಾಡಿದೆ. ಹೊಸ ಗಾಳಿ ಜನ ಇರುವ ಕಡೆ ಬರಬೇಕು, ಕೆಟ್ಟ ಗಾಳಿ ಬೇರೆ ದಾರಿ ಹಿಡಿದು ಹೊರಗೆ ಹೋಗಬೇಕು. ಅದಕ್ಕೆ ದಪ್ಪ ಬಟ್ಟೆ ಕಟ್ಟಿ ಗಾಳಿಗೆ ದಾರಿ ತೋರಿಸುವವನು ನಾನು. ಈ ವಿದ್ಯೆಯಲ್ಲಿ ಈ ಕೌಂಟಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದ್ದ ಇಬ್ಬರೂ ತೀರಿಕೊಂಡರು.

ರೋವೆನಾ ಬೆಳಿಗ್ಗೆ ರಸಾಯನಶಾಸ್ತ್ರ, ಮಧ್ಯಾಹ್ನ ನಕ್ಷೆ ಕಲಿಯುತ್ತಾಳೆ. ಮುಂದೆ ಕೃತಕ ಮಂಡಿಗಳನ್ನು ಮಾಡುವಾಸೆ. ವಸ್ತು ಅರ್ಥವಾಗಲು ಒಂದು ವಿದ್ಯೆ, ಆಕಾರಕ್ಕೆ ಇನ್ನೊಂದು ಎನ್ನುತ್ತಾಳೆ. ಮೊದಲನೆಯ ಮಂಡಿ ನನ್ನ ಎಡಗಾಲಿಗೆ ಎಂದು ಮಾತಾಗಿದೆ. ಆದರೆ ಸೆಪ್ಟೆಂಬರಿನಿಂದ ವಾರಕ್ಕೆರಡು ದಿನ ಹುಡುಗಿ ಮನೆಗೆ ಬಂದು, ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ರೊಟ್ಟಿ ಮುಂದಿಟ್ಟುಕೊಂಡು, ತಿನ್ನದೆ ಹಣೆ ಒತ್ತಿಕೊಂಡು ಕೂರತೊಡಗಿದಳು.

“ಲ್ಯಾಬಲ್ಲಿ ಆಸಿಡ್ ಹೊಗೆ ಕುಡ್ಕೊಂಡು ಬರ್ತೀಯೇನೇ?” ಎಂದೆ.

“ಲ್ಯಾಬಲ್ಲಿ ಏನೂ ಆಗಲ್ಲ ದೊಡ್ಡಪ್ಪ. ಪಕ್ಕದ ರೂಮಲ್ಲಿ ಕಂಪ್ಯೂಟರ್ ಮುಂದೆ ಕೂತ್ರೆ ತಲೆ ಸಿಡಿಯುತ್ತೆ.”

ನಿಮ್ಮ ನರ್ಸಮ್ಮ ಕಣ್ಣಿನ ದೋಷ ಎಂದರು. ಕನ್ನಡಕ ಬಂತು. ತಲೆನೋವು ಕನ್ನಡಕ ಹಾಕಿಕೊಂಡೇ ಮುಂದುವರಿಯಿತು.

ಆಗ ನಕ್ಷೆಯ ಮೇಷ್ಟ್ರು ಒಂದು ಕೆಲಸ ಕೊಟ್ಟರು: ಈ ಕಟ್ಟಡದ ಎರಡು ಕೋಣೆಗಳನ್ನು ಇದ್ದದ್ದು ಇದ್ದ ಹಾಗೆ ಅಳೆದು ಬಿಡಿಸಿರಿ. ಉಳಿದವರು ಬೀರುವಿನಲ್ಲಿದ್ದ ಹಳೆಯ ನಕ್ಷೆ ನೋಡಿ ಬಿಡಿಸಿದರು. ನಮ್ಮ ಹುಡುಗಿ ಮೇಜು ಹತ್ತಿ, ಸೀಲಿಂಗಿನ ಹಲಗೆ ಎತ್ತಿ, ಟೇಪು ಹಿಡಿದು ಅಳೆದಳು. ಏಳು ವರ್ಷದ ಹಿಂದೆ ಹೊಸ ತಾರಸಿ ಹಾಕಿದವರು ಮೇಲಿನ ತೂತು ಮುಚ್ಚಿ, ಕೊಳವೆಯನ್ನು ಅರ್ಧಕ್ಕೆ ಕತ್ತರಿಸಿ ಹೋಗಿದ್ದರು. ಅವಳು ಅದನ್ನು ಹಾಗೆಯೇ ಬಿಡಿಸಿದಳು. ಮೇಷ್ಟ್ರು ಹದಿನೈದು ಅಂಕ ಕಳೆದು, “ಕೊಳವೆ ತಾರಸಿಯವರೆಗೆ ಹೋಗಬೇಕು. ನಕ್ಷೆ ಅಪೂರ್ಣ” ಎಂದು ಕೆಂಪಿನಲ್ಲಿ ಬರೆದರು. ಅಪೂರ್ಣವಾಗಿರುವುದು ನಕ್ಷೆಯೋ ಕೊಳವೆಯೋ ಎಂಬ ಪ್ರಶ್ನೆ ನಿಮ್ಮ ಪಠ್ಯದಲ್ಲಿ ಇಲ್ಲವೇನೋ.

ನಿಜ ಹೇಳುತ್ತೇನೆ, ನಾನೂ ನಂಬಲಿಲ್ಲ. ಅಷ್ಟು ಓದಿದವರು ಇಷ್ಟು ದಡ್ಡರಿರಲಾರರು ಎಂದುಕೊಂಡೆ. ಅಕ್ಟೋಬರಿನಲ್ಲಿ ಮನೆಯವರಿಗೆ ಕಾಲೇಜು ತೋರಿಸುವ ದಿನ ನಾನೇ ಬಂದೆ. ಪ್ರಯೋಗಾಲಯದಲ್ಲಿ ಹೊಗೆ ಎಳೆಯುವ ಆ ದೊಡ್ಡ ಗಾಜಿನ ಪೆಟ್ಟಿಗೆಯನ್ನು ರೋವೆನಾ ತೋರಿಸಿದಳು. ಹಸಿರು ದೀಪ, ಫ್ಯಾನಿನ ಗುಂಯ್ ಸದ್ದು, ಪೆಟ್ಟಿಗೆಯ ಬಾಯಿಗೆ ಅಂಟಿಸಿದ ಕಾಗದದ ಚೂರು ಒಳಕ್ಕೆ ಬಾಗಿತ್ತು.

“ಎಳೀತಿದೆ ನೋಡಿ,” ಎಂದಳು.

“ಎಳೆಯೋದು ಕಾಣ್ತಿದೆ. ಎಳ್ಕೊಂಡು ಎಲ್ಲಿಗ್ ಒಯ್ಯುತ್ತೆ?”

ಗಣಿಯಲ್ಲಿ ಗಾಳಿಯ ದಾರಿ ತಿಳಿಯಬೇಕಾದರೆ ನಾವು ಹಿಡಿ ಸುಣ್ಣದಕಲ್ಲಿನ ಪುಡಿ ತೂರಿ ನೋಡುತ್ತಿದ್ದೆವು. ನನ್ನ ಜೇಬಿನಲ್ಲಿದ್ದದ್ದು ಮೊಮ್ಮಗನ ಪೌಡರ್ ಡಬ್ಬಿ. ಅರ್ಧ ಡಬ್ಬಿ ಪೆಟ್ಟಿಗೆಯೊಳಗೆ ಊದಿ ರೋವೆನಾಳೊಡನೆ ಪಕ್ಕದ ಕೋಣೆಗೆ ನಡೆದೆ. ಎರಡು ನಿಮಿಷವಾಗಲಿಲ್ಲ, ಸೀಲಿಂಗಿನ ಜಾಲರಿಯಿಂದ ಬಿಳಿಪುಡಿ ಇಳಿಯತೊಡಗಿತು. ಕಂಪ್ಯೂಟರುಗಳ ಮೇಲೆ, ಕೇಕು ತಿನ್ನುತ್ತಿದ್ದ ಒಬ್ಬ ತಾಯಿಯ ತಟ್ಟೆಯ ಮೇಲೆ, ನಮ್ಮ ಹುಡುಗಿ ಯಾವಾಗಲೂ ಕೂರುವ ಕುರ್ಚಿಯ ಮೇಲೆ. ಟಪಾಲಿನಲ್ಲಿ ಬರುವಂಥ ವಿಷದ ಬಿಳಿಪುಡಿ ಎಂದು ಯಾರೋ ಕೂಗಿದರು. ಐದು ನಿಮಿಷದಲ್ಲಿ ಕಟ್ಟಡ ಖಾಲಿ, ಹುಲ್ಲಿನ ಮೇಲೆ ಮುನ್ನೂರು ಜನ, ಎರಡು ಅಗ್ನಿಶಾಮಕ ವಾಹನ. ನಿಮ್ಮ ಕಾವಲಿನ ಆನ್ಸಿಲ್ ನನ್ನ ಹೆಂಡತಿಯ ಕಡೆಯ ಹುಡುಗ.

“ಏನ್ ಮಾವ ಇದು?”

“ಮಕ್ಕಳ ಪೌಡರು ಕಣೋ. ಮೂಸಿ ನೋಡು.”

“ಮೂಸೋಕೆ ಪರ್ಮಿಷನ್ ಇಲ್ಲ. ಡಬ್ಬಿ ಕೆಳಗಿಟ್ಟು ಎರಡೂ ಕೈ ಮೇಲೆತ್ತಿ.”

“ಎಡಭುಜ ಏಳಲ್ಲ ನಂದು.”

“ಹಂಗಾರೆ ಒಂದೇ ಎತ್ತಿ ಸಾಕು, ಎಲ್ರೂ ನೋಡ್ತಾವ್ರೆ.”

ಎತ್ತಿದೆ. ಒಂದು ಕೈ ಎತ್ತಿಕೊಂಡು, ನಗುತ್ತ ನಿಂತಿದ್ದೆ. ಆಮೇಲೆ ರೋವೆನಾಳ ಕನ್ನಡಕದ ಮೇಲೆ ಕೂತಿದ್ದ ಬಿಳಿ ಕಂಡಿತು, ನಗು ನಿಂತಿತು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಯಾಕೆಂದು ಹೇಳಬೇಕು. ರೋವೆನಾ ಎಂಟು ತಿಂಗಳ ಕೂಸಾಗಿದ್ದಾಗ ಅವಳಪ್ಪ ಹೋಬರ್ಟ್, ನನ್ನ ತಮ್ಮ, ಗಣಿಯ ಒಂದು ಮೂಲೆಯಲ್ಲಿ ಊಟಕ್ಕೆ ಕುಳಿತ. ಅಲ್ಲಿಗೆ ಗಾಳಿ ಕಳಿಸುವ ಪರದೆ ನಾನು ಕಟ್ಟಿದ್ದು.

“ತಲೆ ಭಾರ ಆಗ್ತಿದೆ ಅಣ್ಣ,” ಎಂದ.

“ನಾನ್ ಕಟ್ಟಿದ ಪರದೆ ಕಣೋ. ಗಾಳಿ ನನ್ ಮಾತು ಮೀರಲ್ಲ. ತೆಪ್ಪಗೆ ತಿನ್ನು,” ಎಂದೆ.

ಪರದೆಯ ಒಂದು ತುದಿ ಬಿಚ್ಚಿಕೊಂಡಿತ್ತು. ನಾನು ಹೋಗಿ ನೋಡಲಿಲ್ಲ. ಉಸಿರಿಗೆ ಗಾಳಿ ಸಾಲದೆ ಅವನು ಅಲ್ಲೇ ಕುಸಿದ. ಹೋಬರ್ಟ್ ಬದುಕಿದ್ದಾನೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ದಿನಾ ಬೆಳಿಗ್ಗೆ ಮಗಳನ್ನು, “ನೀನು ಯಾರ ಮನೆ ಹುಡುಗಿ?” ಎಂದು ಕೇಳುತ್ತಾನೆ. “ನಿನ್ನ ಮನೇದೇ ಅಪ್ಪ,” ಎಂದು ಅವಳು ಗುಂಡಿ ಹಾಕಿ ಕಾಲೇಜಿಗೆ ಬರುತ್ತಾಳೆ. ಆಮ್ಲಜನಕ ಇಲ್ಲದ ಗಾಳಿ ಬೇರೆ, ಆಮ್ಲದ ಆವಿ ಬೇರೆ ಎಂದು ನನಗೆ ಪಾಠ ಹೇಳಬೇಡಿ. ತಲೆ ಭಾರ ಎಂದವರನ್ನು ಸುಮ್ಮನಿರಿಸುವ ಬಾಯಿ ಎಲ್ಲ ಕಡೆಯೂ ಒಂದೇ.

ಆವರಣಕ್ಕೆ ಬರಕೂಡದೆಂದು ನೀವು ಕಳಿಸಿದ ಪತ್ರ ನನ್ನ ಮುಂದಿದೆ. ದಾಖಲೆಯಲ್ಲಿರುವ ನಕ್ಷೆಯ ಪ್ರಕಾರ ಕೊಳವೆ ತಾರಸಿ ದಾಟಿ ಹೊರಗೆ ತೆರೆದುಕೊಳ್ಳುತ್ತದೆ, ಪುಡಿಯನ್ನು ಸಂಪೂರ್ಣವಾಗಿ ಶುಚಿಗೊಳಿಸಲಾಗಿದೆ ಎಂದು ಬರೆದಿದ್ದೀರಿ. ಒರೆಸುವ ಮೊದಲು, ಇದು ಯಾವ ದಾರಿಯಿಂದ ಬಂತು ಎಂದು ಒಬ್ಬರಾದರೂ ತಲೆಯೆತ್ತಿ ನೋಡಬಾರದಿತ್ತೇ? ಮಗುವಿನ ತೊಡೆಗೆ ಹಚ್ಚುವ ಪುಡಿಗೆ ಮುನ್ನೂರು ಜನರನ್ನು ಓಡಿಸಿದವರು, ತಾಮ್ರ ತಿಂದು ಏಳುವ ಕಂದು ಹೊಗೆಯ ಕೆಳಗೆ ಪರೀಕ್ಷೆಯ ಹದಿನಾಲ್ಕು ಮಕ್ಕಳನ್ನು ಕೂರಿಸುತ್ತೀರಾ? ಆ ಹೊಗೆ ಗಾಳಿಗಿಂತ ಭಾರ, ಕೆಳಗಿಳಿಯುತ್ತದೆ. ಹಾಗೆಂದು ರೋವೆನಾಳ ಪುಸ್ತಕದಲ್ಲಿದೆ. ಪುಸ್ತಕ ಕೊಟ್ಟವರು ನೀವೇ.

ಭಾನುವಾರ ಅವಳನ್ನು ಕೇಳಿಕೊಂಡೆ.

“ಗುರುವಾರ ಹೋಗ್ಬೇಡ ಮಗಳೇ.”

“ತಲೆನೋವು ಅಂತ ಆಗ್ಲೇ ಎರಡು ಪರೀಕ್ಷೆ ತಪ್ಪಿಸಿದೀನಿ. ಇನ್ನೊಂದ್ಸಲ ಅಂದ್ರೆ ಫೇಲು.”

“ಮುಂದಿನ್ ವರ್ಷ ಬರಿ.”

“ಅಪ್ಪನ್ನ ನೋಡ್ಕೊಂಡು ಮುಂದಿನ್ ವರ್ಷ ಅನ್ನೋದು ಬರುತ್ತಾ ದೊಡ್ಡಪ್ಪ?” ಕನ್ನಡಕ ತೆಗೆದು ಒರೆಸುತ್ತ ಮತ್ತೆ ಹೇಳಿದಳು, “ನೀವು ಹೆದರಿದ್ರೆ ನಂಗೆ ಕೈಕಾಲೇ ಆಡಲ್ಲ. ಏನಾದ್ರೂ ಬಡಾಯಿ ಕೊಚ್ಚಿ, ಪ್ಲೀಸ್.”

ಬಾಯಿ ತೆರೆದೆ. ಅರವತ್ತಾರು ವರ್ಷದಲ್ಲಿ ಮೊದಲ ಸಲ ನನ್ನಲ್ಲಿ ಬಡಾಯಿ ಇರಲಿಲ್ಲ.

ಆದ್ದರಿಂದ ಮಾನ್ಯರೇ, ಒಂದು ಏಣಿ ತರಿಸಿರಿ. ನಕ್ಷೆಯ ಕೋಣೆಯ ಬಾಗಿಲಿನಿಂದ ಮೂರನೆಯ ಹಲಗೆ ಎತ್ತಿರಿ. ಪಕ್ಕದಲ್ಲಿ ಫ್ಯಾನು ಹಾಕಿಸಿ, ಕೊಳವೆಯ ಬಾಯಿಗೆ ನಿಮ್ಮ ಸ್ವಂತ ಅಂಗೈ ಹಿಡಿಯಿರಿ. ಗಾಳಿ ತಗುಲಿದರೆ, ಕೊಳವೆ ತಾರಸಿ ದಾಟುವವರೆಗೆ ಪ್ರಯೋಗಾಲಯಕ್ಕೆ ಬೀಗ ಹಾಕಿರಿ, ಪರೀಕ್ಷೆಯನ್ನು ಗ್ರಂಥಾಲಯದಲ್ಲಿ ನಡೆಸಿರಿ, ಹುಡುಗಿಯ ಹದಿನೈದು ಅಂಕ ಹಿಂದಕ್ಕೆ ಕೊಡಿರಿ. ಇದಿಷ್ಟೂ ಗುರುವಾರ ಮಧ್ಯಾಹ್ನ ಹನ್ನೆರಡರ ಒಳಗೆ ಆಗಬೇಕು.

ಆಗದಿದ್ದರೆ ಹನ್ನೆರಡೂವರೆಗೆ ನಾನು ಬರುತ್ತೇನೆ. ಖಾಲಿ ಕೈಯಲ್ಲಿ, ಖಾಲಿ ಜೇಬಿನಲ್ಲಿ ಬಂದು ನಕ್ಷೆಯ ಕೋಣೆಯ ನಡುವೆ ಕೂರುತ್ತೇನೆ. ನಾನು ಕಟ್ಟಡದೊಳಗೆ ಕಂಡರೆ ತಕ್ಷಣ ಎಲ್ಲರನ್ನೂ ಹೊರಗೆ ಕಳಿಸಬೇಕೆಂದು ಅದೇ ಪತ್ರದ ಕೊನೆಯಲ್ಲಿ ನೀವೇ ಲಿಖಿತ ಆಜ್ಞೆ ಹೊರಡಿಸಿದ್ದೀರಿ. ದಯವಿಟ್ಟು ಅದನ್ನು ಅಕ್ಷರಶಃ ಪಾಲಿಸಿರಿ.

ಇಂತಿ,
ಗಾಳಿಯ ವಿಷಯದಲ್ಲಿ ಒಮ್ಮೆ ತಪ್ಪಿದವನು, ಈ ಸಲವೂ ತಪ್ಪಿರಲೆಂದು ಬೇಡಿಕೊಳ್ಳುತ್ತಿರುವವನು,
ಡೆಲ್ಮರ್ ಸ್ಟಿಡಮ್