ಒದ್ದೆ ಪುಡಿ, ಇಲ್ಲದ ಬೀಡಿ

ದಾಸ್ತಾನು ತಪಾಸಣೆಯ ಅಧಿಕಾರಿಗಳೇ,

ನಮ್ಮ ಅಮೀನ್ ರಸಾಯನದ ಕಾರ್ಖಾನೆಗೆ ಬೆಂಕಿ ಬಿದ್ದದ್ದು ಕೆಲಸಗಾರ ಪುಟ್ಟಸಿದ್ದಯ್ಯನ ಬೀಡಿಯಿಂದ ಎಂದು ತಾವು ವರದಿ ಬರೆದಿದ್ದೀರಿ. ಅವನ ಎರಡು ಕೈಯೂ ಬೆಂದಿವೆ. ತಮ್ಮ ವರದಿಯಿಂದ ಕೆಲಸವೂ ಹೋಯಿತು. ಅವನು ಬೀಡಿ ಸೇದುವುದಿಲ್ಲ. ಕಿಡಿ ಹಾರಿದ್ದು ತಮ್ಮ ಅಪ್ಪಣೆಯಿಂದ.

ತಮಗೆ ಗೊತ್ತಿರಬೇಕಾದದ್ದನ್ನು ಈ ಪತ್ರಿಕೆಯ ಓದುಗರಿಗೆ ಹೇಳುತ್ತೇನೆ. ಆಲ್ಡಿಹೈಡ್ ಎಂಬ ರಸಾಯನಕ್ಕೆ ಅಮೋನಿಯ, ಜಲಜನಕ ಕೂಡಿಸಿ, ನಿಕ್ಕಲ್ ಪುಡಿ ಹಾಕಿ, ಬಿಗಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಕಾಯಿಸಿದರೆ ಬಣ್ಣಕ್ಕೂ ಔಷಧಕ್ಕೂ ಬೇಕಾದ ಅಮೀನ್ ಸಿಗುತ್ತದೆ. ಶಾಖ ಹೆಚ್ಚಾದರೆ ಅಂಟು. ಅಮೋನಿಯ ಕಡಿಮೆಯಾದರೆ, ಹುಟ್ಟಿದ ಅಮೀನೇ ಉಳಿದ ಆಲ್ಡಿಹೈಡಿಗೆ ತಗುಲಿಕೊಂಡು ಬೇಡದ ಸರಕಾಗುತ್ತದೆ. ವರ್ಷಗಟ್ಟಲೆ ಕೆಡಿಸಿ ಕೆಡಿಸಿ ಹದ ಹಿಡಿದಿದ್ದೆವು: ಅಮೋನಿಯ ಧಾರಾಳ, ಶಾಖ ವಿರಳ, ಪುಡಿ ಸದಾ ನೀರಿನೊಳಗೆ. ಕೆಲಸ ಚುರುಕುಗೊಳಿಸುವ ಆ ಪುಡಿ ಒಣಗಿ ಗಾಳಿ ಕುಡಿದರೆ ತಾನೇ ಹೊತ್ತಿಕೊಳ್ಳುತ್ತದೆ. ‘ಒದ್ದೆಯಿದ್ದರೆ ಗೆದ್ದೆ, ಒಣಗಿತೋ ಬೆಂದೆ’ ಎಂದು ನಾನೇ ಗೋಡೆಯ ಮೇಲೆ ಬರೆಸಿದ್ದೆ.

ತಾವು ಬಂದದ್ದು ರೇಷ್ಮೆ ತೂಕದ ಕಡೆಯಿಂದ. ನೂಲಿಗೆ ನೀರು ಚಿಮುಕಿಸಿ ತೂಕ ಏರಿಸುವವರನ್ನು ಹಿಡಿದು ಹೆಸರಾದವರು. ಕೊಳ್ಳೇಗಾಲದಲ್ಲಿ ಒದ್ದೆಯಾದದ್ದೆಲ್ಲ ಮೋಸವೇ ಅಲ್ಲವೇ?

ನೀರಿನಲ್ಲಿದ್ದ ಪುಡಿ ನೋಡಿ, “ಒದ್ದೆ ಸರಕಿಗೆ ನಾನು ರುಜು ಹಾಕೋನಲ್ಲ. ಬಿಸಿಲಿಗೆ ಹರಡಯ್ಯಾ” ಎಂದಿರಿ.

“ಹೊತ್ತಿಕೊಳ್ಳುತ್ತದೆ ಸ್ವಾಮಿ” ಎಂದೆ.

“ನೂಲಿನೋರೂ ಹೀಗೇ ಕಥೆ ಕಟ್ತಿದ್ರು.” ಗೋಡೆ ತೋರಿಸಿದೆ. “ಪ್ರಾಸ ಚೆನ್ನಾಗಿದೆ” ಎಂದಿರಿ. ಇಷ್ಟು ವರ್ಷದಲ್ಲಿ ನನ್ನ ಪದ್ಯವನ್ನು ಮೆಚ್ಚಿದ ಮೊದಲ ಅಧಿಕಾರಿ ತಾವು.

ಪುಟ್ಟಸಿದ್ದಯ್ಯ ನನ್ನ ಮುಖ ನೋಡಿದ. “ಏನ್ ಮಾಡಾದು ಸಾ?” ಉತ್ತರ ತಾವೇ ಕೊಟ್ಟಿರಿ: “ಹೇಳಿದಷ್ಟು ಮಾಡು.” ಅವನು ಮಾಡಿದ.

ಆಸ್ಪತ್ರೆಗೆ ಹೋಗಿದ್ದೆ. ಹೆಂಡತಿ ಪುಟ್ಟಮಲ್ಲಮ್ಮ ಮುದ್ದೆ ಮುರಿದು ಅವನ ಬಾಯಿಗಿಡುತ್ತಿದ್ದಳು. ನನ್ನನ್ನು ಕಂಡು ಅವನು ಕೇಳಿದ: “ತೂಕ ಸರ್ಯಾಗ್ ಬಂತಾ ಸಾ?”

“ಸುಮ್ಕೆ ನುಂಗು. ತೂಕ್ವಂತೆ ತೂಕ!” ಎಂದು ಅವಳು ಗದರಿದಳು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಕಿಟಕಿಯಾಚೆ ಹನೂರಿನ ಬಸ್ಸು ಹೋಯಿತು. ಅದನ್ನೇ ನೋಡುತ್ತ ಕುಳಿತೆ.

ಕೇಳುವುದು ಇಷ್ಟೇ. ವರದಿಯಿಂದ ಬೀಡಿಯನ್ನು ತೆಗೆಯಿರಿ, ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಂತೆ ಬರೆಯಿರಿ. ಕೈ ಬಾರದಿದ್ದರೂ ಕಣ್ಣಿದೆ, ಪಾತ್ರೆಯ ಒತ್ತಡ ತೋರಿಸುವ ಮುಳ್ಳು ನೋಡುತ್ತಾನೆ. ನಂಬಿಕೆ ಬಾರದಿದ್ದರೆ ಮತ್ತೊಮ್ಮೆ ದಯಮಾಡಿಸಿ. ಒಂದೇ ಚಮಚ ಪುಡಿಯನ್ನು ತಮ್ಮೆದುರೇ ಒಣಗಿಸೋಣ. ಈ ಸಲ ತಾವೇ ಹರಡಬೇಕು. ಬೀಡಿ ಯಾರೂ ತರುವುದು ಬೇಡ.

ಇಂತಿ,
ಕುದಿಸುವುದನ್ನು ಕಲಿತು, ಕುದಿಯುವುದನ್ನು ಮರೆತ
ಸದಾಶಿವಪ್ಪ, ರಸಾಯನ ಪದವೀಧರ
ಕೊಳ್ಳೇಗಾಲ, 1954