ಐದನೆಯ ವಾಕ್ಯ

ತೊಂಗ್ಯೊಂಗ್
೧೭ ಅಕ್ಟೋಬರ್ ೨೦೧೧, ಸೋಮವಾರ

ಪ್ರೀತಿಯ ಮಗಳು ಸೊಲ್‌ಹೀಗೆ ಅಪ್ಪನ ಆಶೀರ್ವಾದಗಳು.

ಚುಸೊಕ್ ಸುಗ್ಗಿ ಹಬ್ಬಕ್ಕೆ ನೀನು ಆಂದೊಂಗ್‌ನಿಂದ ಕಳಿಸಿದ ಎಲಚಿಹಣ್ಣಿನ ಡಬ್ಬಿ ಮುಟ್ಟಿ ತಿಂಗಳಾಯಿತು. ಮುಟ್ಟಿತು ಎಂದು ಎರಡು ಸಾಲು ಬರೆಯಲು ಇಷ್ಟು ದಿನ ಮಾಡಿದೆ, ಕ್ಷಮಿಸು. ಒಳಗೆ ಚೀಟಿ ಏನಾದರೂ ಇದೆಯೇ ಎಂದು ಹಣ್ಣನ್ನೆಲ್ಲ ಚಾಪೆಯ ಮೇಲೆ ಸುರಿದು ನೋಡಿದೆ. ಇರಲಿಲ್ಲ. ಇರಲಿ, ಹಣ್ಣು ಸಿಹಿಯಾಗಿತ್ತು. ತಡವಾದದ್ದಕ್ಕೆ ನನ್ನ ಬಳಿ ಎಕ್ಸ್‌ಕ್ಯೂಸ್ ಇಲ್ಲ, ರೀಸನ್ ಇದೆ. ಎರಡಕ್ಕೂ ವ್ಯತ್ಯಾಸ ಇದೆ ಎಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಏನು ವ್ಯತ್ಯಾಸ ಎಂಬುದು ಮಾತ್ರ ಮರೆತುಹೋಗಿದೆ.

ಮೊದಲೇ ಹೇಳಿಬಿಡುತ್ತೇನೆ, ಇದು ಕೆಟ್ಟ ಸುದ್ದಿಯ ಕಾಗದವಲ್ಲ. ಮೂರು ವರ್ಷದಿಂದ ಎದೆಯ ಮೇಲೆ ಕೂತಿದ್ದ ಒಂದು ಕಲ್ಲು ಹೋದ ಗುರುವಾರ ಸ್ವಲ್ಪ ಸರಿದಿದೆ. ಅದನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ?

ಬರುವ ತಿಂಗಳು ನಮ್ಮ ಬೆಟ್ಟದ ಸಭೆಗೆ ತೊಂಬತ್ತು ವರ್ಷ ತುಂಬುತ್ತದೆ. ಈಗಿನ ಪಾಸ್ಟರ್ ಗಿಲ್ ಹೊಸಬರು, ನಲವತ್ತೂ ಆಗಿಲ್ಲ. ಆರಾಧನೆ ಮುಗಿದ ಮೇಲೆ ಒಂದು ದಿನ ಎಲ್ಲರನ್ನೂ ಕೇಳಿದರು, "ಹೊಸಬರು ಯಾರಾದ್ರೂ ಬಂದು, ನೀವು ಏನನ್ನ ನಂಬ್ತೀರಿ, ಹೇಗೆ ಬದುಕ್ತೀರಿ ಅಂತ ಕೇಳಿದ್ರೆ ಏನು ಹೇಳ್ತೀರಿ?" ಎಲ್ಲರೂ ಚಾವಣಿ ನೋಡಿದರು. ಅದಕ್ಕೇ ಐದು ವಾಕ್ಯ ಬರೆದು ಬಾಗಿಲ ಪಕ್ಕ ಹಲಗೆ ಹಾಕೋಣ ಎಂದಾಯಿತು. ಬರೆಯಲು ಮೂವರು: ಮಾ ಹಿರಿಯರು, ಸಿಂಪಿ ಸುಲಿಯುವ ಬೊಂಗ್ ಅಕ್ಕ, ನಾನು. ಸಿಂಪಿ ಶೆಡ್ಡಿಗೆ ಫಿಲಿಪೀನ್ಸ್‌ನಿಂದ ಬಂದ ಹುಡುಗಿಯರು ಭಾನುವಾರ ಊಟಕ್ಕೆ ಬರುತ್ತಾರಲ್ಲ, ಅವರಿಗಾಗಿ ಕೆಳಗೆ ಇಂಗ್ಲಿಷ್ ಬೇಕಂತೆ. ನಾನು ಕಾಲೇಜು ಓದಿದ್ದು ಎರಡೇ ವರ್ಷ ಎಂದರೂ ಕೇಳದೆ ಅದನ್ನು ನನಗೇ ಹಚ್ಚಿದರು.

ಮೊದಲ ವಾಕ್ಯಕ್ಕೆ ಜಗಳವಿರಲಿಲ್ಲ. ನಾವು ಯೋಗ್ಯರಾಗುವ ಮೊದಲೇ ನಮ್ಮನ್ನು ಕರೆದಾತನನ್ನು ನಂಬುತ್ತೇವೆ. ಎರಡನೆಯದು ಬೆಳಗಿನ ಐದು ಗಂಟೆಯ ಪ್ರಾರ್ಥನೆಯದು, ಬಾಗಿಲು ಎಲ್ಲರಿಗೂ ತೆರೆದಿರುತ್ತದೆ ಎಂದು. ಬೊಂಗ್ ಅಕ್ಕ, "ಬಂದು ನಿದ್ದೆ ಹೊಡೆಯೋರಿಗೂ ಅಂತ ಸೇರಿಸ್ರಪ್ಪ. ಮಾ ಹಿರಿಯರ ಗೊರಕೆ ಕೇಳಿಸ್ದೆ ಇದ್ರೆ ನಂಗೆ ಪ್ರಾರ್ಥನೇಲಿ ಮನಸ್ಸೇ ನಿಲ್ಲಲ್ಲ" ಎಂದರು. ಮಾ ಹಿರಿಯರು, "ಅದು ಗೊರಕೆ ಅಲ್ಲ, ನಿಟ್ಟುಸಿರು. ನಿನ್ನಂಥೋರ ಪಾಪಕ್ಕೆ ಬಿಡೋದು" ಎಂದರು. ಪಾಸ್ಟರ್ ಪಾಪ, ನಗುವುದೋ ಬೇಡವೋ ಎಂದು ಪೆನ್ನು ಕಚ್ಚುತ್ತ ಕೂತಿದ್ದರು.

ಮೂರನೆಯದು ಅಕ್ಕಿಯದು. ಅನ್ನಕ್ಕಿಡುವ ಮುಂಚೆ ಮನೆಯಲ್ಲಿರುವ ತಲೆಗೊಂದು ಚಮಚ ತೆಗೆದಿಟ್ಟು ಸಭೆಗೆ ಒಯ್ಯುವುದು ನಿನಗೆ ಗೊತ್ತೇ ಇದೆ. ನಿಮ್ಮಮ್ಮ ನೀನು ಮದುವೆಯಾಗಿ ಹೋದ ಮೇಲೂ ಮೂರು ಚಮಚವೇ ಹಾಕುತ್ತಿದ್ದಳು. ಇರೋದು ನಾವಿಬ್ಬರಲ್ಲವೇ ಎಂದರೆ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗಿರ್ಬಹುದು, ಅಕ್ಕಿಗೆ ಹೊರಗಲ್ಲ" ಎನ್ನುತ್ತಿದ್ದಳು. ನಾನೀಗ ಒಬ್ಬನೇ. ಆದರೂ ಮೂರೇ ಹಾಕುತ್ತೇನೆ. ಅನ್ನ ಮಾಡುವುದನ್ನು ಒಂದು ಮಟ್ಟಿಗೆ ಕಲಿತಿದ್ದೇನೆ, ತಳ ಹಿಡಿಯುವುದು ವಾರಕ್ಕೆ ಎರಡೇ ಸಲ.

ನಾಲ್ಕನೆಯದು ಭಾನುವಾರದ ಊಟದ್ದು, ಪಂಕ್ತಿಯಲ್ಲಿ ಕೂತವರನ್ನು ನೀವು ಯಾರು ಎಂದು ಕೇಳುವುದಿಲ್ಲ ಎಂದು. ಅದರ ಇಂಗ್ಲಿಷಿಗೆ ನಾನು ಮೂರು ದಿನ ಒದ್ದಾಡಿ ಒಂದು ಪುಟ ಬರೆದೆ. ಶೆಡ್ಡಿನ ಹುಡುಗಿಯೊಬ್ಬಳು ಓದಿ, ನಮ್ಮ ಭಾಷೆಯಲ್ಲೇ, "ತಾತ, ಇಷ್ಟು ಓದೋ ಹೊತ್ತಿಗೆ ಸಾರು ಆರೋಗತ್ತೆ. 'ಕಮ್, ಈಟ್' ಅಂತ ಬರೀರಿ, ಸಾಕು" ಎಂದಳು. ಹಾಗೇ ಬರೆದೆವು.

ಐದನೆಯದಕ್ಕೆ ಬಂದಾಗಲೇ ತೊಡಕು, ಮಗಳೇ. ಮಾ ಹಿರಿಯರು ಮನೆಯಿಂದಲೇ ಬರೆದು ತಂದಿದ್ದರು. "ದೇವರಿಗಲ್ಲದೆ ನಾವು ಯಾರಿಗೂ ಅಡ್ಡಬೀಳುವುದಿಲ್ಲ, ಸತ್ತವರಿಗೂ ಇಲ್ಲ."

ನಿಮ್ಮಮ್ಮ ತೀರಿಹೋದ ಆ ದಿನ ನನ್ನ ಕಣ್ಣೆದುರು ಬಂತು. ನೀನು ಅವಳ ಭಾವಚಿತ್ರದ ಮುಂದೆ ಎಲ್ಲರ ಹಾಗೆ ಬಿಳಿ ಸೇವಂತಿಗೆ ಇಟ್ಟೆ. ಆಮೇಲೆ ಎಲ್ಲರ ಹಾಗೆ ನಿಂತು ಪ್ರಾರ್ಥಿಸುವುದನ್ನು ಬಿಟ್ಟು ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದೆ. ಬದುಕಿರುವವರಿಗೆ ಒಂದು ಸಲ, ಸತ್ತವರಿಗೆ ಎರಡು ಸಲ ಎಂಬುದು ಪದ್ಧತಿ. ನೀನು ಒಂದು ಮುಗಿಸಿ ಎದ್ದು ಎರಡನೆಯದಕ್ಕೆ ಬಗ್ಗುವಾಗ ನಾನು ನಿನ್ನ ತೋಳು ಹಿಡಿದು ಎಳೆದೆ. "ಇದೇನು ನಿನ್ನ ಅತ್ತೆಮನೆ ಅಂದ್ಕೊಂಡ್ಯಾ, ಸತ್ತೋರಿಗೆಲ್ಲ ಅಡ್ಡಬೀಳೋಕೆ?" ಎಂದೆ. ನೀನು ಶೋಕದ ಬಟ್ಟೆಯ ತೋಳು ಸರಿಮಾಡಿಕೊಂಡು ಹೊರಗೆ ಹೋದೆ. ಅಂದಿನಿಂದ ಈ ಮನೆಯ ಹೊಸಿಲು ತುಳಿದಿಲ್ಲ. ಹಣ್ಣು ಬರುತ್ತದೆ, ನೀನು ಬರುವುದಿಲ್ಲ.

ಮಾ ಹಿರಿಯರ ಮೇಲೆ ನೀನು ಸಿಟ್ಟಾಗಬೇಡ. ಅವರ ವಾಕ್ಯಕ್ಕೆ ರಕ್ತದ ಬೆಲೆ ಇದೆ. ಜಪಾನಿನವರ ಆಳ್ವಿಕೆಯ ಕಾಲದಲ್ಲಿ ಅವರ ತಂದೆಯನ್ನು ಬೆಟ್ಟದ ಮೇಲಿದ್ದ ಜಪಾನಿ ದೇಗುಲಕ್ಕೆ ಎಳೆದೊಯ್ದು ಬಗ್ಗು ಎಂದರೆ ಬಗ್ಗಲಿಲ್ಲ. ಹನ್ನೊಂದು ತಿಂಗಳು ಜೈಲು. ಹೊರಗೆ ಬಂದಾಗ ಎಡಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. "ಈ ಒಂದು ಮಾತು ಇಲ್ದೆ ಆ ಹಲಗೆ ಯಾತಕ್ಕೆ? ಒಲೆಗೆ ಹಾಕಿ" ಎಂದರು ಮಾ ಹಿರಿಯರು.

ಬೊಂಗ್ ಅಕ್ಕ ಸುಮ್ಮನಿರುವ ಜೀವವೇ? "ಅಲ್ಲಾ, ಹೊಸ ವರ್ಷದ ದಿನ ಮೊಮ್ಮಕ್ಕಳು ನಿಮಗೆ ಅಡ್ಡಬಿದ್ರೆ ಬಾಯಿ ಕಿವಿಗೆ ಮುಟ್ಟೋ ಹಾಗೆ ನಗ್ತೀರಲ್ಲ. ನಾಳೆ ನೀವು ಹೋದ್ರೆ ಅದೇ ಮಕ್ಕಳು ಬಗ್ಗಿದ್ರೆ ಪಾಪವೋ?"

"ಅದು ಗೌರವ, ಇದು ಪೂಜೆ."

"ಅದನ್ನ ಅಳ್ತಾ ಇರೋ ಹೆಣ್ಣಿನ ಹೊಟ್ಟೆ ಒಳಗೆ ಇಣುಕಿ ನೋಡ್ದೋರು ಯಾರು?"

ಪಾಸ್ಟರ್ ನನ್ನ ಕಡೆ ತಿರುಗಿ, "ತಾಕ್ ಹಿರಿಯರೇ, ನೀವೇನೂ ಹೇಳ್ಲಿಲ್ಲ" ಎಂದರು. ಒಬ್ಬರು ಹೌದು, ಒಬ್ಬರು ಇಲ್ಲ ಎಂದಾಗಿತ್ತು. ಉಳಿದವನು ನಾನೇ. ನಾನು ಹೂಂ ಎಂದಿದ್ದರೆ ಆ ವಾಕ್ಯ ಬಾಗಿಲ ಪಕ್ಕ ಹೋಗಿ ಕೂರುತ್ತಿತ್ತು, ನೀನು ಆ ಬಾಗಿಲು ಮತ್ತೆ ದಾಟುತ್ತಿರಲಿಲ್ಲ.

ನಾನು ಮಾ ಹಿರಿಯರನ್ನೇ ನೋಡಿ ಹೇಳಿದೆ, "ಅಣ್ಣಾ, ನಿಮ್ಮಪ್ಪ ಬಂದೂಕಿನ ಮುಂದೆ ಬಗ್ಗಲಿಲ್ಲ. ನಾನು ಅಳ್ತಿದ್ದ ಮಗಳ ತೋಳು ಹಿಡಿದು ಎಳೆದೆ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಬರೀಬೇಡಿ. ನಿಮ್ಮಪ್ಪಂಗೆ ಅವಮಾನ ಆಗತ್ತೆ." ಇದನ್ನೂ ಹೇಳಿದೆ. "ಆವತ್ತು ನಾನು ದೇವರಿಗೋಸ್ಕರ ಎಳೀಲಿಲ್ಲ. ಆ ವಸಂತದಲ್ಲಷ್ಟೇ ಸಭೆಯ ಹಿರಿಯನಾಗಿ ಆಯ್ಕೆಯಾಗಿದ್ದೆ. ಹಿಂದಿನ ಸಾಲಲ್ಲಿ ನೀವೆಲ್ಲ ಕೂತಿದ್ರಿ. ನಾನು ಅಡ್ಡಬಿದ್ದಿದ್ದು ನಿಮ್ಮ ಕಣ್ಣುಗಳಿಗೆ."

ಬೊಂಗ್ ಅಕ್ಕನ ಕೈಯಲ್ಲಿದ್ದ ಬಾರ್ಲಿ ಚಹಾ ಅಲ್ಲೇ ನಿಂತಿತು. ಮಾ ಹಿರಿಯರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಕೆಮ್ಮಿ, "ಪ್ರತಿವರ್ಷ ಶರತ್ಕಾಲದಲ್ಲಿ ಅವ್ವನ ಸಮಾಧಿ ಮೇಲಿನ ಹುಲ್ಲು ಕೊಯ್ಯೋಕೆ ಹೋಗ್ತೀನಿ. ಯಂತ್ರ ತಗೊಂಡು ಹೋಗು ಅಂತಾನೆ ಮಗ. ನಾನು ಕುಡುಗೋಲೇ ಒಯ್ಯೋದು. ಕುಡುಗೋಲಾದ್ರೆ ಮಂಡಿ ಊರ್ಬೇಕಾಗತ್ತೆ" ಎಂದರು. ಆಮೇಲೆ ಹಲಗೆಯ ಕರಡನ್ನು ಹತ್ತಿರ ಎಳೆದುಕೊಂಡು, "ಕೆಲವು ಸಲ ಹಣೆ ನೆಲಕ್ಕೆ ತಾಗತ್ತೆ. ಹುಲ್ಲು ಗಿಡ್ಡ ಇರತ್ತಲ್ಲ" ಎಂದರು.

"ಹೌದೌದು, ಈ ವರ್ಷದ ಹುಲ್ಲಂತೂ ಭಾಳ ಗಿಡ್ಡ" ಎಂದರು ಬೊಂಗ್ ಅಕ್ಕ. ಎಪ್ಪತ್ತು ದಾಟಿದ ಮೂವರೂ ನಕ್ಕೆವು, ಮೂವರೂ ಮೂಗು ಒರೆಸಿಕೊಂಡೆವು. ಪಾಸ್ಟರ್ ಕಿಟಕಿ ತೆರೆಯುವ ನೆಪದಲ್ಲಿ ಅತ್ತ ತಿರುಗಿದರು.

ಐದನೆಯ ವಾಕ್ಯ ಈಗ ಹೀಗಿದೆ: "ಹೆದರಿಸುವವರಿಗೆ ನಾವು ಅಡ್ಡಬೀಳುವುದಿಲ್ಲ. ದುಃಖದಲ್ಲಿರುವವರನ್ನು ತಡೆಯುವುದೂ ಇಲ್ಲ." ಮೊದಲ ಅರ್ಧ ಮಾ ಹಿರಿಯರ ತಂದೆಯದು, ಎರಡನೆಯ ಅರ್ಧ ನಿನ್ನದು. ಬರೆದ ಕೈಬರಹ ಅವರದೇ. ಇಂಗ್ಲಿಷ್ ಮಾತ್ರ ನನಗೆ ಇನ್ನೂ ಹೊಳೆದಿಲ್ಲ.

ಗುರುವಾರದಿಂದ ಚೆನ್ನಾಗಿ ನಿದ್ದೆ ಬರುತ್ತಿದೆ. ಬೆಳಗಿನ ಪ್ರಾರ್ಥನೆ ಎರಡು ದಿನ ತಪ್ಪಿತು. ಬೊಂಗ್ ಅಕ್ಕ ಬಂದು ಬಾಗಿಲು ತಟ್ಟಿ, "ಹಲಗೆ ಬರೆದಾಯ್ತು ಅಂತ ಸ್ವರ್ಗದ ಟಿಕೆಟ್ ಸಿಕ್ತಾ?" ಎಂದು ಬೈದು, ಒಂದು ಬಟ್ಟಲು ಹೊಸ ಸಿಂಪಿ ಕೊಟ್ಟು ಹೋದರು. ಸಾರು ಮಾಡಿದೆ. ಉಪ್ಪು ಹೆಚ್ಚಾಯಿತು.

ನವೆಂಬರ್ ಆರಕ್ಕೆ ನಿಮ್ಮಮ್ಮ ಹೋಗಿ ಮೂರು ವರ್ಷ. ಸಮಾಧಿಯ ಬಳಿ ಆರಾಧನೆ ಇದೆ, ಹನ್ನೊಂದು ಗಂಟೆಗೆ. ಬಾ ಎಂದು ಹೇಳುವ ಹಕ್ಕು ನನಗಿಲ್ಲ. ಬಂದರೆ ಯಾರೂ ತಡೆಯುವುದಿಲ್ಲ ಎಂದು ಮಾತ್ರ ಹೇಳಬಲ್ಲೆ. ಅಳಿಯಂದಿರಿಗೆ, ಬೀಗರಿಗೆ ನನ್ನ ವಂದನೆ ತಿಳಿಸು. ಮೊಮ್ಮಗಳು ಯೂನ್‌ಸೊಗೆ ಹಾಲುಹಲ್ಲು ಬಿದ್ದವೇ? ನಿಮ್ಮೆಲ್ಲರನ್ನೂ ದೇವರು ತನ್ನ ಅಂಗೈಯಲ್ಲಿ ಬೆಚ್ಚಗೆ ಇಟ್ಟಿರಲಿ. ಚಳಿ ಬರುತ್ತಿದೆ, ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಪ್ಪ,
ತಾಕ್ ಇನ್‌ಮೊ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಗುರುವಾರ ಅವರ ಮುಂದೆ ನಾನು ಹೇಳಿದ್ದು ಅರ್ಧ. ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ, ಹೋಗುವುದಕ್ಕೆ ನಾಲ್ಕು ದಿನ ಮುಂಚೆ, ನನ್ನನ್ನು ಹತ್ತಿರ ಕರೆದು ಹೇಳಿದ್ದಳು. "ಸೊಲ್‌ಹೀ ಆ ಮನೇಲಿ ವರ್ಷಕ್ಕೆ ಎಂಟು ಸಲ ಯಾರ್ಯಾರದೋ ಮುತ್ತಜ್ಜಂದಿರಿಗೆ ಅಡ್ಡಬೀಳ್ತಾಳೆ. ಹೆತ್ತೋಳಿಗೆ ಒಂದು ಸಲ ಬೇಡ್ವಾ? ಅವಳು ಬಗ್ಗಿದ್ರೆ ನೀವು ತಡೀಬೇಡಿ. ದೇವರ ಹತ್ರ ನಾನೇ ಮಾತಾಡ್ಕೋತೀನಿ." ನಾನು ಆಗಲಿ ಎಂದಿದ್ದೆ. ಅವಳ ಕೈ ಹಿಡಿದು ಎಂದಿದ್ದೆ. ಅದೇ ಕೈಯಿಂದ ನಿನ್ನನ್ನು ಎಳೆದೆ.

ಸತ್ತವರಿಗೆ ಎರಡು. ನಿನ್ನದು ಒಂದು ಆಗಿದೆ, ಇನ್ನೊಂದು ಉಳಿದಿದೆ. ಬಂದು ಮುಗಿಸು, ಮಗಳೇ. ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಎರಡೂ ಕೈ ಹಿಂದೆ ಕಟ್ಟಿಕೊಂಡು.